ಚೆನ್ನಾಗಿತ್ತಾ ಸರ್?

"ಇವತ್ತು ಅಡುಗೆಮನೆಗೆ ರಜೆ! ಹೋಟೆಲಿಗೆ ಹೋಗ್ತೀವಿ. ಊಟಕ್ಕೆ ಕೂತ ಕುರ್ಚಿಯಿಂದ ನೀನು ಒಂದೇ ಒಂದು ಸಲ ಎದ್ದರೂ ನನ್ನ ಹೆಸರು ಬದಲಾಯಿಸಿಬಿಡು!"

ಹೀಗೆಂದು ಟೈಲರ್ ಮಾಸ್ತರು ಹೊಲಿಗೆ ಮಷೀನಿನ ಹಿಂದಿನಿಂದ ಘೋಷಿಸಿದರು. ಘೋಷಣೆಯ ರಭಸಕ್ಕೆ ದಾರವೇ ತುಂಡಾಯಿತು. ಪಕ್ಕದಲ್ಲಿ ಕೂತು ಅಂಗಿಗೆ ಗುಂಡಿ ಹಾಕುತ್ತಿದ್ದ ಹೆಂಡತಿ ಮಾತ್ರ ತಲೆ ಎತ್ತಲಿಲ್ಲ.

"ಹೆಸರು ಬೀದಿಯವರು ಆಗಲೇ ಬದಲಾಯಿಸಿದ್ದಾರಲ್ಲ," ಎಂದಳು.

ಅದೂ ನಿಜವೇ. "ನಾಳೆ ಬನ್ನಿ" ಎಂಬ ಎರಡು ಮಾತಿನ ಬಂಡವಾಳದಲ್ಲೇ ಅಂಗಡಿ ನಡೆಸಿಕೊಂಡು ಬಂದ ಮಾಸ್ತರಿಗೆ ಬೀದಿಯವರೆಲ್ಲ ಸೇರಿ ಇಟ್ಟ ಹೆಸರು 'ನಾಳೆ ಮಾಸ್ತರು'. ಅಂಗಿಗೂ ನಾಳೆ, ಪ್ಯಾಂಟಿಗೂ ನಾಳೆ. ಹಾಗೆ ನೋಡಿದರೆ ಎಲ್ಲರಿಗಿಂತ ಹೆಚ್ಚು 'ನಾಳೆ' ಕೇಳಿಸಿಕೊಂಡ ಗಿರಾಕಿ ಹೆಂಡತಿಯೇ. ಹೋಟೆಲ್ ಊಟದ ಆರ್ಡರನ್ನು ಆಕೆ ಯಾವ ಕಾಲದಲ್ಲಿ ಕೊಟ್ಟಿದ್ದಳೋ, ಡೆಲಿವರಿ ಮಾತ್ರ ಇವತ್ತಿನವರೆಗೂ ಆಗಿರಲಿಲ್ಲ.

ಆದರೆ ಈ ಸಲದ ಕಥೆ ಬೇರೆ. ಶಾಲೆ ಶುರುವಾಗುವ ಕಾಲ. ಗಂಡಹೆಂಡತಿ ಇಬ್ಬರೂ ಯೂನಿಫಾರ್ಮುಗಳ ರಾಶಿಯಲ್ಲಿ ಕುತ್ತಿಗೆಯವರೆಗೆ ಮುಳುಗಿದ್ದರು. ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಪರದೆಯ ಈಚೆ ಆಕೆ ಊಟಕ್ಕೆ ಕೂತಳೋ, ಆಚೆಯಿಂದ "ಮಾಸ್ತರೇ!" ಎಂಬ ಕೂಗು. ಆಕೆ ಏಳುತ್ತಾಳೆ. ಬಂದು ಕೂತರೆ ಮಾಸ್ತರಿಗೆ ನೀರು ಬೇಕು. ಏಳುತ್ತಾಳೆ. ನೀರು ಕುಡಿದ ಮೇಲೆ ಮಾಸ್ತರಿಗೆ ಉಪ್ಪಿನ ನೆನಪಾಗುತ್ತದೆ. ಮತ್ತೆ ಏಳುತ್ತಾಳೆ. ಮೊನ್ನೆ ಹೀಗೆ ಎದ್ದು ಹೋದವಳು ಉಪ್ಪಿನ ಡಬ್ಬಿ ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತೇಬಿಟ್ಟಳು.

"ಒಂದು ಸಲ ಎದ್ದೇಳದೆ ಊಟ ಮಾಡ್ಬೇಕು ರೀ. ಕೂತಲ್ಲೇ. ಬಿಸಿ ಆರೋದಕ್ಕೆ ಮುಂಚೆ. ಇನ್ನೇನೂ ಬೇಡ ನನಗೆ," ಎಂದಳು.

ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಮಾಸ್ತರಿಗೆ ಅಭ್ಯಾಸವಿತ್ತು. ಆ ಸೋತ ದನಿ ಮಾತ್ರ ಅವರಿಗೆ ಹೊಸದು. ಅವತ್ತೆಲ್ಲ ಅವರ ಹೊಲಿಗೆ ವಾರೆವಾರೆಯಾಗಿಯೇ ಹೋಯಿತು.

ಬೀದಿಯ ಕೊನೆಯಲ್ಲಿ ಹೊಸದೊಂದು ಹೋಟೆಲು ತೆರೆದಿತ್ತು. ಗಾಜಿನ ಬಾಗಿಲ ಮೇಲೆ 'ಮಾಡರ್ನ್ ಯುರೋಪಿಯನ್, ಆಲ್ ಡೇ' ಎಂದು ಬರೆದಿತ್ತು. ಅಲ್ಲಿ ಬಡಿಸುವವರ ಏಪ್ರನ್ನುಗಳನ್ನು ಹೊಲಿದುಕೊಟ್ಟವರೂ ಮಾಸ್ತರೇ. ಹೇಳಬೇಕಾಗಿಲ್ಲ, ಹಲವಾರು ನಾಳೆಗಳು ಕಳೆದ ಮೇಲೆ. ಇಷ್ಟು ವರ್ಷ "ನಮ್ಮ ಕೆಲಸ ಮುಗಿಯೋ ಹೊತ್ತಿಗೆ ಹೋಟೆಲೆಲ್ಲಾ ಮುಚ್ಚಿರುತ್ತೆ" ಎಂಬ ನೆಪ ಗಟ್ಟಿಮುಟ್ಟಾಗಿ ಬಾಳಿಕೆ ಬಂದಿತ್ತು. ಈ ಹಾಳು 'ಆಲ್ ಡೇ' ಅದರ ಹೊಲಿಗೆಯನ್ನೇ ಬಿಚ್ಚಿಹಾಕಿತು! ಬೆಳಗಿನಿಂದ ರಾತ್ರಿಯವರೆಗೆ ತೆರೆದೇ ಇರುವ ಬಾಗಿಲಿನ ಮುಂದೆ ಯಾವ ನೆಪ ತಾನೇ ನಿಂತೀತು?

"ಅಲ್ಲಿ ಚಾಕು, ಫೋರ್ಕು ಹಿಡ್ಕೊಂಡು ತಿನ್ನಬೇಕಂತೆ. ನಮಗೆ ಅದೆಲ್ಲಾ ಗೊತ್ತಾಗುತ್ತಾ?" ಎಂದು ಹೆಂಡತಿ ಅನುಮಾನಿಸಿದಳು.

"ಜೀವಮಾನವೆಲ್ಲಾ ಕೋಟು ಹೊಲಿದಿದ್ದೀನಿ! ಕೋಟು ಗೊತ್ತಿರೋನಿಗೆ ಕೋಟಿನವರ ಊಟ ಗೊತ್ತಿರಲ್ವಾ? ಎರಡರಲ್ಲೂ ಇರೋದು ಕತ್ತರಿಸೋದು, ಚುಚ್ಚೋದು, ಅಷ್ಟೇ! ನನ್ನ ನೋಡಿ ಕಲಿತುಕೋ."

ಅಂಗಡಿಯ ಶಟರು ಎಳೆದು ಅದಕ್ಕೊಂದು ರಟ್ಟು ತೂಗುಹಾಕಿದರು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ: 'ಮಾಸ್ತರಿಗೆ ಜ್ವರ.'

"ರಜೆ ಅಂತ ಬರೆದರೆ ಸಾಲ್ದಾ? ಜ್ವರ ಯಾಕೆ?"

"ರಜೆ ಅಂದ್ರೆ ಬಾಗಿಲು ಬಡೀತಾರೆ. ಜ್ವರ ಅಂದ್ರೆ ಓಡ್ತಾರೆ. ವ್ಯಾಪಾರದ ಸೂಕ್ಷ್ಮ ನಿನಗೆ ತಿಳಿಯಲ್ಲ ಬಿಡು."

ಇನ್ನು ವೇಷಭೂಷಣ. ಊರಿಗೆಲ್ಲ ಕೋಟು ಹೊಲಿದ ಮಹಾನುಭಾವರಿಗೆ ಸ್ವಂತದ್ದೊಂದು ಕೋಟಿರಲಿಲ್ಲ. ಹ್ಯಾಂಗರಿನಲ್ಲಿ ಹಲ್ಲಿನ ಡಾಕ್ಟರ ಬೂದು ಕೋಟು ತೂಗುತ್ತಿತ್ತು. ಎಲ್ಲ ಮುಗಿದು, ಕೊನೆಯ ಒಂದು ಗುಂಡಿಗಾಗಿ ಕಾಯುತ್ತಿತ್ತು. ಮಾಸ್ತರು ಅದಕ್ಕೆ ಎರಡೂ ಕೈ ತೂರಿಸಿದರು.

"ಅಯ್ಯೋ, ಅದು ಗಿರಾಕೀದು ರೀ!"

"ಕೋಟನ್ನ ಒಂದು ಸಲ ಓಡಾಡಿಸಿ ನೋಡ್ಬೇಕು ಕಣೇ. ಬಗಲಲ್ಲಿ ಹಿಡಿಯುತ್ತೋ ಏನೋ ಗೊತ್ತಾಗ್ಬೇಕಲ್ಲ! ಇದೂ ಒಂದು ಸೇವೆ."

ಮಧ್ಯಾಹ್ನದ ಊಟದವರು ಎದ್ದುಹೋಗಿ, ಸಂಜೆಯವರು ಇನ್ನೂ ಬಾರದ ಹೊತ್ತು. ಹೋಟೆಲು ತಣ್ಣಗಿತ್ತು. ಹೆಂಡತಿ ಕಿಟಕಿಯ ಪಕ್ಕದ ಕುರ್ಚಿಯನ್ನು ಕೈಯಿಂದ ಒತ್ತಿ ನೋಡಿ, ಕೂತು, ಬೆನ್ನು ಒರಗಿಸಿ, ಮೇಜಿನ ಕೆಳಗೆ ಮೆಲ್ಲಗೆ ಚಪ್ಪಲಿ ಬಿಟ್ಟಳು. ಅವಳ ಬಾಯಿಂದ ಉದ್ದನೆಯ ಉಸಿರೊಂದು ಹೊರಬಂತು. ಅದನ್ನು ಕೇಳಿದ ಮಾಸ್ತರಿಗೆ ಅರ್ಧ ಗೆದ್ದ ಹಾಗಾಯಿತು.

ಬಡಿಸುವಾಕೆ ಬಂದಳು. ಹೆಂಡತಿಯ ವಯಸ್ಸಿನವಳೇ. ನಗುಮುಖ ಇತ್ತು, ಆದರೆ ನಗು ಬೆಳಗ್ಗೆಯೇ ಹಾಕಿಕೊಂಡಿದ್ದು ಎಂದು ನೋಡಿದರೆ ತಿಳಿಯುತ್ತಿತ್ತು. ಮಾಸ್ತರ ಕಣ್ಣು ಮಾತ್ರ ಆಕೆಯ ಏಪ್ರನ್ನಿನ ಅಂಚಿನ ಮೇಲೆಯೇ. ಅಂಚು ಒಂದು ಕಡೆ ಜೋತುಬಿದ್ದಿತ್ತು. ಅವರು ತಟ್ಟನೆ ಛಾವಣಿ ನೋಡಿದರು.

"ಬೆಳಗ್ಗೆಯಿಂದ ನಿಂತೇ ಇದ್ದೀರಾ?" ಎಂದು ಹೆಂಡತಿ ಕೇಳಿದಳು.

"ಆಲ್ ಡೇ ಅಲ್ವಾ ಅಮ್ಮ. ತಿನ್ನೋರಿಗೆ ಒಂದು ಹೊತ್ತು, ಆಲ್ ಡೇ ನಮಗೆ."

"ನಮ್ಮ ಮನೇದೂ ಆಲ್ ಡೇನೇ. ಬೋರ್ಡು ಹಾಕಿಲ್ಲ ಅಷ್ಟೇ."

ಇಬ್ಬರೂ ಮನಸಾರೆ ನಕ್ಕರು. ಮಾಸ್ತರು ನಗಬೇಕೋ ಬೇಡವೋ ತಿಳಿಯದೆ ಮೆನು ಎಳೆದುಕೊಂಡು, ಎಲ್ಲವೂ ಅರ್ಥವಾದವರ ಹಾಗೆ ತಲೆದೂಗಿ, ಬೆರಳಿಗೆ ಸಿಕ್ಕ ಹೆಸರುಗಳನ್ನು ಎರಡೆರಡು ಹೇಳಿದರು.

ಮೊದಲು ಬಂದದ್ದು ಬೆಣ್ಣೆಯಲ್ಲಿ ಹುರಿದ ಅಣಬೆ, ಕೆಳಗೆ ಗರಿಗರಿ ಬ್ರೆಡ್ಡು. ಆಹಾ, ಆ ಪರಿಮಳ! ಬೆಳಗಿನಿಂದ ಹೊಟ್ಟೆ ಖಾಲಿ ಇಟ್ಟುಕೊಂಡು ಬಂದಿದ್ದ ಮಾಸ್ತರು ಒಂದು ಮೂಲೆ ಕತ್ತರಿಸಿ ಬಾಯಿಗಿಟ್ಟರು. ಸ್ವರ್ಗ! ಆ ಸ್ವರ್ಗವನ್ನು ಹೆಂಡತಿಗೆ ವರ್ಣಿಸಬೇಕೆನ್ನಿಸಿತು. ವರ್ಣಿಸಲು ಕೈ ಬೇಕು. ಚಾಕು, ಫೋರ್ಕು ಕೆಳಗಿಟ್ಟರು.

ಇಟ್ಟ ರೀತಿಯಲ್ಲೇ ಇತ್ತು ಎಡವಟ್ಟು. ಕತ್ತರಿಯನ್ನು ಬಾಯಿ ಬಿಟ್ಟಿಟ್ಟರೆ ಮನೆಯಲ್ಲಿ ಜಗಳವಾಗುತ್ತದೆಂದು ಕಸುಬು ಕಲಿಸಿದ ಗುರುಗಳು ತಲೆಗೆ ಮೊಟಕಿ ಮೊಟಕಿ ಹೇಳಿಕೊಟ್ಟಿದ್ದರು. ಹೀಗಾಗಿ ಮಾಸ್ತರ ಕೈಗೆ ಎರಡು ಅಲಗಿನ ಯಾವ ವಸ್ತು ಸಿಕ್ಕಿದರೂ ಅದನ್ನು ಜೋಡಿಸಿ, ನೇರ ಮಾಡಿ, ಅಕ್ಕಪಕ್ಕ ಮಲಗಿಸಿಯೇ ಕೆಳಗಿಡುವುದು. ತಟ್ಟೆಯ ಮೇಲೆ ಚಾಕುವೂ ಫೋರ್ಕೂ ಹೊಸ ದಂಪತಿಗಳ ಹಾಗೆ ಮೈಗೆ ಮೈ ತಾಗಿಸಿಕೊಂಡು ಮಲಗಿದವು.

ಕಣ್ಣು ಮಿಟುಕಿಸುವಷ್ಟರಲ್ಲಿ ಬಡಿಸುವಾಕೆ ಪಕ್ಕದಲ್ಲಿ ಪ್ರತ್ಯಕ್ಷ!

"ಚೆನ್ನಾಗಿತ್ತಾ ಸರ್?"

"ಫಸ್ಟ್ ಕ್ಲಾಸ್!" ಎಂದರು ಮಾಸ್ತರು ಉದಾರವಾಗಿ.

ತಟ್ಟೆ ಮಾಯ! ಒಂದು ಮೂಲೆ ಕಡಿದ ಬ್ರೆಡ್ಡು ಆಕೆಯ ಕೈಯಲ್ಲಿ ಅಡುಗೆಮನೆಯ ಕಡೆ ತೇಲಿಕೊಂಡು ಹೋಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂಬ ಗಾದೆಯನ್ನು ಮಾಸ್ತರು ಅಲ್ಲಿಯವರೆಗೆ ಕೇಳಿದ್ದರೇ ಹೊರತು ನೋಡಿರಲಿಲ್ಲ.

"ಯಾಕ್ರೀ ತಗೊಂಡು ಹೋದ್ರು?" ಹೆಂಡತಿ ತನ್ನ ಬ್ರೆಡ್ಡು ಅಗಿಯುತ್ತಲೇ ಕೇಳಿದಳು.

ಗೊತ್ತಿಲ್ಲ ಎನ್ನುವುದು ಹೇಗೆ? ನನ್ನ ನೋಡಿ ಕಲಿತುಕೋ ಎಂದವರಲ್ಲವೇ! ಮಾಸ್ತರು ಕೋಟಿನ ಕಾಲರು ಸರಿಮಾಡಿಕೊಂಡರು.

"ಇಲ್ಲಿ ಹಾಗೇ. ಯುರೋಪಿನಲ್ಲಿ ಮೊದಲನೇ ತಟ್ಟೆ ಬರೀ ರುಚಿ ನೋಡೋಕೆ. ತಿಂದರೆ ಅವಮಾನ."

"ನಾನು ತಿಂತಿದ್ದೀನಲ್ಲ?"

"ನಿನ್ನ ಬಿಟ್ಟಿದ್ದಾರೆ. ಹೆಂಗಸರು ಅಂತ ಮರ್ಯಾದೆ."

ಎರಡನೆಯದು ಪಾಸ್ತಾ. ಈ ಸಲ ಮಾಸ್ತರು ಎಚ್ಚರದಿಂದ ಎರಡು ತುತ್ತು ನುಂಗಿದರು. ಮೂರನೆಯದು ಫೋರ್ಕಿನಿಂದ ಜಾರಿ ಡಾಕ್ಟರ ಕೋಟಿನ ಕಡೆ ಹೊರಟಿತು. ಅಯ್ಯಯ್ಯೋ ಎಂದು ಕರವಸ್ತ್ರ ಹುಡುಕಲು ಕೈಯಲ್ಲಿದ್ದುದನ್ನು ಕೆಳಗಿಟ್ಟರು. ಜೋಡಿಸಿ, ನೇರವಾಗಿ, ಅಕ್ಕಪಕ್ಕ.

"ಚೆನ್ನಾಗಿತ್ತಾ ಸರ್?"

ಬಾಯಿತುಂಬ ಪಾಸ್ತಾ. ಮಾತಾಡುವ ಹಾಗಿಲ್ಲ. ಚೆನ್ನಾಗಿದೆ ಎಂಬಂತೆ ತಲೆ ಆಡಿಸಿದರು. ತಟ್ಟೆ ಹೋಯಿತು!

"ಇದೂ ರುಚಿ ನೋಡೋಕೇನಾ?" ಎಂದಳು ಹೆಂಡತಿ. ಅವಳ ತಟ್ಟೆಯಲ್ಲಿ ಚಾಕು ಪೂರ್ವಕ್ಕೆ, ಫೋರ್ಕು ಪಶ್ಚಿಮಕ್ಕೆ, ಜಗಳವಾಡಿಕೊಂಡವರ ಹಾಗೆ ಚೆಲ್ಲಾಪಿಲ್ಲಿ ಬಿದ್ದಿದ್ದವು. ಸೂಜಿಯನ್ನೂ ಆಕೆ ಹೀಗೆಯೇ ಎಲ್ಲೆಂದರಲ್ಲಿ ಇಡುತ್ತಾಳೆ. ನಡುವೆ ಪಾಸ್ತಾ ಮಾತ್ರ ಬಿಸಿಬಿಸಿಯಾಗಿ ಸುರಕ್ಷಿತವಾಗಿತ್ತು.

"ಹಸಿವು ಉಳಿಸಿಕೊಂಡು ಏಳೋದೇ ಮಾಡರ್ನು," ಎಂದರು ಮಾಸ್ತರು. ಹೇಳುವಾಗ ಹೊಟ್ಟೆ ಗುರ್ ಎಂದು ಆಕ್ಷೇಪಣೆ ಸಲ್ಲಿಸಿತು. "ಊಟ ಬಲ್ಲವನಿಗೆ ರೋಗವಿಲ್ಲ ಅಂತ ಸುಮ್ನೆ ಅಂದಿದ್ದಾರಾ?"

"ಹೌದೌದು. ಊಟವೇ ಇಲ್ಲದಿದ್ದರೆ ರೋಗ ಎಲ್ಲಿಂದ ಬರುತ್ತೆ," ಎಂದು ಹೆಂಡತಿ ಇನ್ನೊಂದು ಸುತ್ತು ಪಾಸ್ತಾವನ್ನು ಫೋರ್ಕಿಗೆ ಸುತ್ತಿದಳು. ದಾರ ಸುತ್ತಿ ಅಭ್ಯಾಸವಿದ್ದ ಕೈ, ಒಂದೆಳೆಯೂ ಜಾರಲಿಲ್ಲ.

ಮೂರನೆಯದು ಒಲೆಯಲ್ಲಿ ಸುಟ್ಟ ಬದನೆಕಾಯಿ, ಮೇಲೆ ಕರಗಿದ ಚೀಸು. ಅದು ಎಷ್ಟು ಬಿಸಿಯಿತ್ತೆಂದರೆ ಮೊದಲ ತುಂಡು ನಾಲಿಗೆಗೆ ತಾಗಿದೊಡನೆ ಮಾಸ್ತರ ಕಣ್ಣಲ್ಲಿ ನೀರು ಬಂತು. ನೀರಿನ ಲೋಟಕ್ಕೆ ಕೈ ಚಾಚಿದರು. ಚಾಚುವ ಮುನ್ನ ಏನು ಮಾಡಿರಬಹುದು, ಹೇಳಬೇಕೇ? ಸಾವಿನ ದವಡೆಯಲ್ಲೂ ಶಿಸ್ತು ಬಿಡದ ಮನುಷ್ಯ!

"ಚೆನ್ನಾಗಿತ್ತಾ ಸರ್?" ಎಂಬ ದನಿ ಕಿವಿಗೆ ಬಿದ್ದಾಗ ಅವರು ನೀರು ನುಂಗುತ್ತ "ಹೂಂ" ಎಂದರು. ಲೋಟ ಕೆಳಗಿಟ್ಟು ನೋಡಿದರೆ ಎದುರಿಗೆ ಬರೀ ಮೇಜು.

ಮಾಸ್ತರಿಗೆ ಸುಸ್ತಾಯಿತು. ಬೆಳಗಿನಿಂದ ಮಷೀನು ತುಳಿದ ಕಾಲು, ಬಗ್ಗಿದ ಬೆನ್ನು, ಖಾಲಿ ಹೊಟ್ಟೆ, ಮೇಲೆ ಬಗಲಲ್ಲಿ ಹಿಡಿಯುವ ಪರರ ಕೋಟು. ಇಷ್ಟು ಸಾಲದೆಂಬಂತೆ ಎದುರಿಗೆ ಹೆಂಡತಿ ಚೀಸನ್ನು ಎಳೆ ಎಳೆಯಾಗಿ ಎತ್ತಿ ತಿನ್ನುತ್ತಿದ್ದಾಳೆ. ಸಿಟ್ಟು ಬಂತು. ಯಾರ ಮೇಲೆ ತೋರಿಸುವುದು? ಅವಳ ಚಾಕು, ಫೋರ್ಕಿನ ಮೇಲೆ ತೋರಿಸಿದರು.

"ನೋಡು, ಬಾಯಿ ಬಿಟ್ಟ ಕತ್ತರಿ ಹಾಗೆ ಇಟ್ಟಿದ್ದೀಯ! ನೋಡಿದೋರು ಏನಂದ್ಕೊಳ್ಳಲ್ಲ? ಕಸುಬುದಾರನ ಹೆಂಡತಿ ಇಡೋ ರೀತಿನಾ ಇದು? ಹೀಗಿಡಬೇಕು, ಹೀಗೆ!"

ಹೀಗೆನ್ನುತ್ತಲೇ ಕೈ ಚಾಚಿ ಅವಳ ತಟ್ಟೆಯ ಮೇಲಿನ ಚಾಕು ಫೋರ್ಕುಗಳನ್ನು ಜೋಡಿಸಿ ಮಲಗಿಸಿಯೂಬಿಟ್ಟರು. ಮರುಕ್ಷಣವೇ ಏಪ್ರನ್ನು ಬಂತು.

"ಚೆನ್ನಾಗಿತ್ತಾ ಅಮ್ಮ?"

ತಟ್ಟೆ ಮೇಲೇಳುವಷ್ಟರಲ್ಲಿ ಹೆಂಡತಿ ಎರಡೂ ಕೈಯಿಂದ ಅದರ ಅಂಚು ಹಿಡಿದುಕೊಂಡಳು.

"ಚೆನ್ನಾಗಿ 'ಇತ್ತು' ಅಲ್ಲ, ಚೆನ್ನಾಗಿ 'ಇದೆ'! ಇನ್ನೂ ತಿಂತಾ ಇದ್ದೀನಿ!"

ಬಡಿಸುವಾಕೆ ಗಾಬರಿಯಾಗಿ ಕೈಬಿಟ್ಟಳು. "ಅಯ್ಯೋ, ತಪ್ಪು ತಿಳೀಬೇಡಿ ಅಮ್ಮ. ಚಾಕು, ಫೋರ್ಕು ಜೋಡಿಸಿಟ್ಟರೆ ಊಟ ಮುಗೀತು, ತಟ್ಟೆ ತಗೊಂಡು ಹೋಗಿ ಅಂತ ಅರ್ಥ. ಬಿಡಿಸಿಟ್ಟರೆ ಇನ್ನೂ ತಿಂತಿದ್ದಾರೆ ಅಂತ. ಸರ್ ಪ್ರತಿ ಸಲ ಎಷ್ಟು ನೀಟಾಗಿ ಜೋಡಿಸಿದ್ರು! ಎಲ್ಲಾ ಬಲ್ಲೋರು, ಡಯಟ್ ಮಾಡ್ತಿದ್ದಾರೆ ಅಂದ್ಕೊಂಡೆ."

ಮಾಸ್ತರ ಮುಖ ಬಾಡಿದ ಬದನೆಕಾಯಿಯಾಯಿತು. ಆಕೆ ಅತ್ತ ಹೋದ ಮೇಲೆ ಹೆಂಡತಿಯ ಕಡೆ ತಿರುಗಿದರು.

"ನಿನಗೆ ಗೊತ್ತಿತ್ತಾ?"

"ಪಾಸ್ತಾ ಹೋದಾಗ ಅನುಮಾನ ಬಂತು. ಅವರು 'ಚೆನ್ನಾಗಿದೆಯಾ' ಅಂತ ಕೇಳ್ತಿರಲಿಲ್ಲ. 'ಚೆನ್ನಾಗಿತ್ತಾ' ಅಂತಿದ್ರು. ನೀವು ವರ್ತಮಾನ ಕಾಲದಲ್ಲಿ ತಿಂತಿದ್ರಿ, ಅವರು ಭೂತಕಾಲಕ್ಕೆ ಕಳಿಸ್ತಿದ್ರು."

"ಮತ್ತೆ ಹೇಳಬಾರದಾಗಿತ್ತಾ?"

"ಬಾಯಲ್ಲಿ ತುತ್ತಿತ್ತು ರೀ. ಬಾಯಿ ಖಾಲಿಯಾದಾಗ ಹೇಳೋಣ ಅಂತಿದ್ದೆ. ಖಾಲಿ ಆಗಲೇ ಇಲ್ಲ."

ಆದರೇನು, ಗುಟ್ಟು ತಿಳಿಯಿತಲ್ಲ! ಮಾಸ್ತರು ಸೋತ ಸೇನಾಪತಿ ಮತ್ತೆ ದಂಡು ಕಟ್ಟುವ ಹಾಗೆ ಎದೆ ಸೆಟೆಸಿ ಕೊನೆಯ ಆರ್ಡರು ಕೊಟ್ಟರು. ಆಲೂಗಡ್ಡೆ, ಅಣಬೆ, ಕೆನೆ ತುಂಬಿದ ದೊಡ್ಡದೊಂದು ಪೈ. ಒಬ್ಬರಿಗೇ. ಅದು ಬಂದಾಗ ಮೇಜೇ ಬಿಸಿಯಾಯಿತು. ಮೇಲಿನ ಹೊಂಬಣ್ಣದ ಪದರವನ್ನು ಚಾಕುವಿನಿಂದ ಸೀಳಿದರು. ಒಳಗಿನಿಂದ ಹಬೆ ಎದ್ದಿತು. ದೊಡ್ಡದೊಂದು ತುಂಡನ್ನು ಫೋರ್ಕಿಗೆ ಚುಚ್ಚಿ, ಕಣ್ಣು ಮುಚ್ಚಿ, ಬಾಯಿ ತೆರೆದರು.

"ಮಾಸ್ತರೇ! ಜ್ವರ ಅಂತ ಬೋರ್ಡು ನೋಡಿದೆನಲ್ಲ!"

ಕಣ್ಣು ಬಿಟ್ಟರೆ ಎದುರಿಗೆ ಹಲ್ಲಿನ ಡಾಕ್ಟರು. ಬೀದಿಯ ಹೋಟೆಲಿಗೆ ಬೀದಿಯವರೇ ಬರುತ್ತಾರೆ ಎಂಬ ಸಣ್ಣ ಸಂಗತಿ ಮಾಸ್ತರಿಗೆ ಹೊಳೆದೇ ಇರಲಿಲ್ಲ. ಫೋರ್ಕು ಬಾಯಿಗೂ ತಟ್ಟೆಗೂ ನಡುವೆ ತ್ರಿಶಂಕುವಾಯಿತು.

"ಜ್ವರವೇ ಡಾಕ್ಟ್ರೇ… ಮೈಯೆಲ್ಲಾ ಕೆಂಡ…"

ಡಾಕ್ಟರ ನೋಟ ಮುಖದಿಂದ ಕೆಳಗಿಳಿದು ಎದೆಯ ಮೇಲೆ ನಿಂತಿತು. "ಇದು… ಈ ಬಟ್ಟೆ ನಾನು ಕೊಟ್ಟಿದ್ದಲ್ವಾ?"

"ಕೋಟು ಹಾಕ್ಕೊಂಡರೆ ಬೆವರು ಬಂದು ಜ್ವರ ಇಳಿಯುತ್ತೆ ಅಂತ… ಮನೆಯಲ್ಲಿ ಬೇರೆ ಕೋಟು ಇರಲಿಲ್ಲ…"

ಹೆಂಡತಿ ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡಳು. ಡಾಕ್ಟರು ಪಾಪ, ಒಳ್ಳೆಯವರು. ಸಿಟ್ಟಿಗಿಂತ ಮೊದಲು ಅವರಿಗೆ ವೃತ್ತಿಧರ್ಮ ಬಂತು. ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು.

"ಎಲ್ಲಿ, ನಾಲಿಗೆ ತೋರಿಸಿ."

"ನೀವು ಹಲ್ಲಿನವರಲ್ವಾ?"

"ಹಲ್ಲಿನ ಪಕ್ಕದಲ್ಲೇ ಅಲ್ವೇನ್ರೀ ನಾಲಿಗೆ ಇರೋದು? ಆ ಅನ್ನಿ!"

ಮಾಸ್ತರು ವಿಧಿಯಿಲ್ಲದೆ ಚಾಕು, ಫೋರ್ಕು ಕೆಳಗಿಟ್ಟು ನಾಲಿಗೆ ಚಾಚಿದರು. ಚೀಸಿನಿಂದ ಸುಟ್ಟ ನಾಲಿಗೆ ಕೆಂಪಗಿತ್ತು. ಡಾಕ್ಟರು ಹೌಹಾರಿದರು.

"ಅಬ್ಬಬ್ಬಾ, ಒಳಗೆಲ್ಲಾ ಉಷ್ಣ! ಈ ಸ್ಥಿತಿಯಲ್ಲಿ ಬೆಣ್ಣೆ, ಕೆನೆ ತಿಂತೀರಾ? ಒಂದು ಚೂರೂ ಮುಟ್ಟಕೂಡದು!"

ಇಷ್ಟರಲ್ಲಿ ಮಾಸ್ತರ ಕಣ್ಣು ತಟ್ಟೆಯತ್ತ ಹೋಯಿತು. ಚಾಕು, ಫೋರ್ಕು ಹೇಗೆ ಇಟ್ಟಿದ್ದರು? ಜೋಡಿಸಿ! ನೇರವಾಗಿ! ಅಕ್ಕಪಕ್ಕ! ಬಿಡಿಸಲು ಕೈ ಮುಂದೆ ಹೋಗುವಷ್ಟರಲ್ಲಿ ಪಕ್ಕದಿಂದ ಆ ಪರಿಚಿತ ದನಿ ಬಂದೇಬಿಟ್ಟಿತು. ಈ ಸಲ ದನಿಯಲ್ಲಿ ಅನುಮಾನವಿತ್ತು.

"ಚೆನ್ನಾಗಿ… ತ್ತಾ ಸರ್?"

ಡಾಕ್ಟರು ನೋಡುತ್ತಿದ್ದಾರೆ. ಮೈಮೇಲೆ ಡಾಕ್ಟರ ಕೋಟು. ಇಲ್ಲ ತಾಯಿ, ಇನ್ನೂ ತಿಂದಿಲ್ಲ, ಬಿಡು ಎಂದರೆ ಜ್ವರ ಸುಳ್ಳಾಗುತ್ತದೆ. ಜ್ವರ ಸುಳ್ಳಾದರೆ ಕೋಟು ಕಳ್ಳತನವಾಗುತ್ತದೆ. ಮಾಸ್ತರು ಪೈಯನ್ನು ಕೊನೆಯ ಬಾರಿ ನೋಡಿದರು.

"ಚೆನ್ನಾಗಿತ್ತು," ಎಂದರು.

"ಇತ್ತ ಕೊಡಿ," ಎಂದಳು ಹೆಂಡತಿ. "ದಂಡ ಮಾಡಬಾರದು." ಪೈ ಮೇಜಿನ ಆಚೆಯಿಂದ ಈಚೆಗೆ ವಲಸೆ ಬಂತು. ಆಕೆ ಅದನ್ನು ನಿಧಾನವಾಗಿ ಮುರಿಯತೊಡಗಿದಳು.

ಡಾಕ್ಟರಿಗೆ ಈಗ ಕೋಟಿನ ನೆನಪು ಬಂತು. "ಅದೇನೋ ಆಯಿತು, ಸಂಜೆ ನನಗೊಂದು ಸಮಾರಂಭ ಇದೆ. ಕೋಟು ಕೊಡಿ ಇಲ್ಲೇ." ತೆಗೆಸಿಕೊಂಡು ತಿರುಗಿಸಿ ನೋಡಿದರು. "ಇಲ್ಲೊಂದು ಗುಂಡಿನೇ ಇಲ್ಲವಲ್ಲ! ಅಮ್ಮಾ, ಗುಂಡಿ ಕೆಲಸ ನಿಮ್ಮದೇ ಅಲ್ವಾ? ಒಂದು ನಿಮಿಷ ಎದ್ದು ಬೆಳಕಿಗೆ ಬಂದು ಹಾಕಿಕೊಟ್ಟುಬಿಡಿ."

ಮಾಸ್ತರು ಹೆಂಡತಿಯತ್ತ ನೋಡಿದರು. ಈ ಕೂಗಿಗೆ ಆಕೆ ಏಳದೆ ಇದ್ದದ್ದನ್ನು ಅವರು ಎಂದೂ ಕಂಡಿರಲಿಲ್ಲ. ಬಾಯಿಯ ತುತ್ತನ್ನು ಒಂದು ಕೆನ್ನೆಗೆ ಸರಿಸಿ, ಕೈ ಒರೆಸಿಕೊಂಡು, ಪರದೆ ಸರಿಸಿ ಹೊರಟುಬಿಡುವವಳು. ಈಗಲೂ ಅವಳ ಕೈ ಕುರ್ಚಿಯ ತೋಳಿನ ಮೇಲೆ ಹೋಯಿತು. ಅಲ್ಲೇ ನಿಂತಿತು. ಮತ್ತೆ ಫೋರ್ಕಿಗೆ ಮರಳಿತು.

"ನಾನು ಊಟ ಮಾಡ್ತಾ ಇದ್ದೀನಿ," ಎಂದಳು.

ದನಿಯಲ್ಲಿ ಜಂಬವಿರಲಿಲ್ಲ, ಕೊಂಕಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೇ. ಇಷ್ಟು ವರ್ಷದ ಸಂಸಾರದಲ್ಲಿ ಈ ಒಂದು ವಾಕ್ಯವನ್ನು ಅವಳ ಬಾಯಿಂದ ಎಂದೂ ಕೇಳಿಲ್ಲವಲ್ಲ ಎಂದು ಮಾಸ್ತರಿಗೆ ಆಗ ಹೊಳೆಯಿತು. ನಾಚಿಕೆಯಾಯಿತು. ಹಸಿವಿನ ಜೊತೆ ನಾಚಿಕೆ ಸೇರಿದರೆ ಮನುಷ್ಯ ಬಹಳ ಮೆತ್ತಗಾಗುತ್ತಾನೆ.

"ನಾನೇ ಹಾಕ್ತೀನಿ ಕೊಡಿ ಡಾಕ್ಟ್ರೇ," ಎಂದರು. ಅಂಗಿಯ ಜೇಬಿನಲ್ಲಿ ಸೂಜಿದಾರ, ಗುಂಡಿ ಹೇಗೂ ಇರುತ್ತವೆ. ಕಸುಬಿನಲ್ಲಿ ಗುಂಡಿಗೆ ಕೈ ಹಚ್ಚಿ ಯಾವ ಕಾಲವಾಗಿತ್ತೋ! ಎರಡು ಸಲ ಬೆರಳಿಗೆ ಚುಚ್ಚಿಕೊಂಡರು. ಎದುರಿಗೆ ಹೆಂಡತಿ ಪೈಯ ಮೂಲೆಮೂಲೆಯನ್ನೂ ಬಳಿದು, ಕೊನೆಯ ಚೂರನ್ನೂ ತಿಂದು, ಆಮೇಲೆ ಚಾಕುವನ್ನೂ ಫೋರ್ಕನ್ನೂ ತಾನಾಗಿಯೇ ಜೋಡಿಸಿಟ್ಟಳು. ಬಡಿಸುವಾಕೆ ಕೇಳುವ ಮೊದಲೇ "ಬಹಳ ಚೆನ್ನಾಗಿತ್ತು," ಎಂದಳು. ಬಿಲ್ಲು ಬಂತು. ಮಾಸ್ತರು ತಿನ್ನದೇ ಇದ್ದದ್ದೆಲ್ಲ ಅದರಲ್ಲಿ ತಪ್ಪದೆ ಇತ್ತು.

ಮನೆಗೆ ಬಂದಾಗ ಬಿಸಿಲು ಇನ್ನೂ ಇತ್ತು. ಹೆಂಡತಿ ಜಗುಲಿಯ ಹಳೆಯ ಬೆತ್ತದ ಕುರ್ಚಿಯಲ್ಲಿ ಕೂತು ಕಣ್ಣುಮುಚ್ಚಿದಳು. ಮಾಸ್ತರು ಅತ್ತಿತ್ತ ಸುಳಿದಾಡಿದರು. ಕೆಮ್ಮಿದರು. ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡರು. ಇಷ್ಟು ದಿನ ಈ ಮೂರರಲ್ಲಿ ಯಾವುದಾದರೂ ಒಂದು ಸಾಕಾಗುತ್ತಿತ್ತು.

"ಬ್ರೆಡ್ಡು ಡಬ್ಬಿಯಲ್ಲಿದೆ. ಮೊಟ್ಟೆ ಬುಟ್ಟಿಯಲ್ಲಿದೆ," ಎಂದಳು ಕಣ್ಣು ತೆರೆಯದೆ.

ಸರಿ, ಅಡುಗೆಮನೆ ಹೊಕ್ಕರು. ಡಬ್ಬಿಗಳು ಸಾಲಾಗಿ ನಿಂತು ಅಪರಿಚಿತನನ್ನು ನೋಡುವ ಹಾಗೆ ನೋಡಿದವು. ಯಾವುದು ಉಪ್ಪು, ಯಾವುದು ಸಕ್ಕರೆ? ಬಾಣಲೆ ಎಲ್ಲಿ? ಮೊಟ್ಟೆಯೊಂದು ಕೈಯಲ್ಲೇ ಒಡೆಯಿತು. ಎಣ್ಣೆ ಸಿಡಿಯಿತು. ಹೊಗೆ ಎದ್ದಿತು. ಮಾಸ್ತರು ಬೇಕಂತಲೇ ಒಂದೆರಡು ಪಾತ್ರೆ ಸ್ವಲ್ಪ ಜೋರಾಗಿಯೇ ಇಟ್ಟರು. ದೊಡ್ಡದಾಗಿ ನಿಟ್ಟುಸಿರನ್ನೂ ಬಿಟ್ಟರು.

ಹೊರಗೆ ಬೆತ್ತದ ಕುರ್ಚಿ ಕಿರ್ ಎಂದಿತು.

ಮಾಸ್ತರ ಎದೆ ಅರಳಿತು. ಎಷ್ಟಾದರೂ ಕಟ್ಟಿಕೊಂಡ ಹೆಂಡತಿಯಲ್ಲವೇ! ಕರುಳು ಕೇಳೀತೇ? ಆದರೂ ಕೊಟ್ಟ ಮಾತು ಒಂದಿದೆಯಲ್ಲ. ಬಂದೇ ಬರುತ್ತಾಳೆಂಬ ಧೈರ್ಯದಲ್ಲಿ ಮಹಾ ತ್ಯಾಗಿಯಂತೆ ಕೂಗಿದರು:

"ಬೇಡ ಬೇಡ, ಏಳಬೇಡ! ನಾನೇ ಹೇಗೋ ಮಾಡ್ಕೊಳ್ತೀನಿ! ನೀನು ಕೂತಿರು!"

"ಎದ್ದಿದ್ಯಾರು?" ಎಂದು ಜಗುಲಿಯಿಂದ ನಿದ್ದೆಗಣ್ಣಿನ ದನಿ ಬಂತು. "ಕಾಲು ಚಾಚಿದೆ ಅಷ್ಟೇ. ಹಾಂ, ಹೇಗೂ ನಿಂತೇ ಇದ್ದೀರಲ್ಲ, ನನಗೊಂದು ಲೋಟ ಕಾಫಿ ತನ್ನಿ. ಬಿಸಿ ಆರೋದಕ್ಕೆ ಮುಂಚೆ."